ಮನೆಗೆ ಬಂದ ಆಸ್ಪತ್ರೆ ಮತ್ತು ವೈಯಾವೃತ್ಯದ ಹೊಣೆ

ತತ್ತ್ವಾರ್ಥಸೂತ್ರದ ಒಂಬತ್ತನೆಯ ಅಧ್ಯಾಯವು ಆರು ಅಂತರಂಗ ತಪಸ್ಸುಗಳನ್ನು ಹೆಸರಿಸುವಾಗ ಪ್ರಾಯಶ್ಚಿತ್ತ ಮತ್ತು ವಿನಯಗಳ ಬಳಿಕ ಮೂರನೆಯದಾಗಿ ವೈಯಾವೃತ್ಯವನ್ನು ಇರಿಸಿದೆ. ಸ್ವಾಧ್ಯಾಯ, ವ್ಯುತ್ಸರ್ಗ, ಧ್ಯಾನಗಳು ಅದರ ನಂತರ ಬರುತ್ತವೆ. ಈ ಸೇವೆ ಯಾರಿಗೆ ಸಲ್ಲಬೇಕೆಂಬ ಹತ್ತು ಬಗೆಯ ಎಣಿಕೆಯಲ್ಲಿ ಆಚಾರ್ಯ, ಉಪಾಧ್ಯಾಯ, ತಪಸ್ವಿ, ಶೈಕ್ಷರ ಸಾಲಿನಲ್ಲಿಯೇ ‘ಗ್ಲಾನ’ರೂ, ಎಂದರೆ ರೋಗದಿಂದ ಬಳಲಿದವರೂ, ಸೇರಿದ್ದಾರೆ. ಸೂತ್ರಕಾರರ ದೃಷ್ಟಿ ಮುನಿಸಂಘದ ಕಡೆಗೆ ಇದ್ದಿತೆಂಬುದು ನಿಜ. ಆದರೆ ಶ್ರಾವಕರ ಮನೆಗಳಲ್ಲಿ ಹಾಸಿಗೆ ಹಿಡಿದ ಹಿರಿಯರ ಆರೈಕೆಯನ್ನೂ ಇದೇ ಹೆಸರಿನಿಂದ ಗುರುತಿಸುವ ರೂಢಿ ಹಳೆಯದು. ಈ ಹಳೆಯ ಮಾತಿಗೆ ಈಗ ಹೊಸದೊಂದು ಸಂದರ್ಭ ಒದಗಿದೆ. ರೋಗಿಯು ಆಸ್ಪತ್ರೆಗೆ ಹೋಗುವ ಬದಲು ಆಸ್ಪತ್ರೆಯೇ ರೋಗಿಯ ಮನೆಗೆ ಬರತೊಡಗಿದೆ. ಹಾಗೆ ಬಂದಾಗ ಅದರ ಭಾರ ಯಾರ ಮೇಲೆ ಬೀಳುತ್ತದೆ, ಬೀಳುವುದು ನ್ಯಾಯವೇ ಎಂಬುದು ಇಲ್ಲಿಯ ವಿಚಾರ.

‘ಮನೆಯಲ್ಲಿ ಆಸ್ಪತ್ರೆ’ ಎಂಬ ಮಾತನ್ನು ಸಡಿಲವಾಗಿ ಬಳಸುವುದು ಹೆಚ್ಚುತ್ತಿರುವುದರಿಂದ ಅದರ ಅರ್ಥವನ್ನು ಮೊದಲು ಸ್ಪಷ್ಟಪಡಿಸಿಕೊಳ್ಳುವುದು ಲೇಸು. ವಾರಕ್ಕೊಮ್ಮೆ ನರ್ಸ್ ಒಬ್ಬರು ಬಂದು ರಕ್ತದೊತ್ತಡ ನೋಡಿಹೋಗುವುದು ಇದಲ್ಲ. ನ್ಯುಮೋನಿಯಾ, ಹೃದಯದ ದೌರ್ಬಲ್ಯದಿಂದ ದೇಹದಲ್ಲಿ ನೀರು ತುಂಬಿಕೊಳ್ಳುವುದು, ಹಳೆಯ ಶ್ವಾಸಕೋಶದ ಕಾಯಿಲೆ ಉಲ್ಬಣಿಸುವುದು, ಚರ್ಮದಡಿಯ ತೀವ್ರ ಸೋಂಕು ಮುಂತಾದ, ಸಾಮಾನ್ಯವಾಗಿ ವಾರ್ಡಿಗೆ ಸೇರಿಸಲೇಬೇಕಾದ ರೋಗಿಯನ್ನು ಮನೆಯ ಮಂಚದ ಮೇಲೆಯೇ ಇರಿಸಿ, ರಕ್ತನಾಳದ ಮೂಲಕ ಔಷಧಿ, ಆಮ್ಲಜನಕ, ರಕ್ತಪರೀಕ್ಷೆ, ವೈದ್ಯರ ದೈನಂದಿನ ಪರಿಶೀಲನೆ, ಯಾವ ಹೊತ್ತಿನಲ್ಲಾದರೂ ಕರೆದರೆ ದೊರೆಯುವ ನೆರವು, ಸ್ಥಿತಿ ಕೆಟ್ಟರೆ ಕೂಡಲೇ ಆಸ್ಪತ್ರೆಗೆ ಒಯ್ಯುವ ಏರ್ಪಾಡು ಇಷ್ಟನ್ನೂ ಒದಗಿಸಿದಾಗ ಮಾತ್ರ ಆ ಹೆಸರು ಒಪ್ಪುತ್ತದೆ.

ಈ ಆಲೋಚನೆ ತೀರ ಇತ್ತೀಚಿನದಲ್ಲ. ನ್ಯೂಯಾರ್ಕಿನ ಮಾಂಟೆಫಿಯೋರ್ ಆಸ್ಪತ್ರೆಯಲ್ಲಿ ಡಾ. ಬ್ಲೂಸ್ಟೋನ್ ಅವರು 1947ರಲ್ಲಿಯೇ ಇಂಥ ಪ್ರಯೋಗಕ್ಕೆ ಕೈಹಾಕಿದರು. ಪ್ಯಾರಿಸ್ಸಿನ ಸಾರ್ವಜನಿಕ ಆಸ್ಪತ್ರೆಗಳು ಹತ್ತು ವರ್ಷಗಳ ತರುವಾಯ ಅದನ್ನು ವ್ಯವಸ್ಥೆಯಾಗಿ ರೂಪಿಸಿದವು. ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯ 1994ರಲ್ಲಿ ಸರ್ಕಾರಿ ವೆಚ್ಚದಲ್ಲಿ ಆರಂಭಿಸಿತು. ಅಮೆರಿಕದಲ್ಲಿ ಕೋವಿಡ್ ಕಾಲದ ಹಾಸಿಗೆಗಳ ಕೊರತೆಯಿಂದಾಗಿ 2020ರ ನವೆಂಬರಿನಲ್ಲಿ ಅಲ್ಲಿಯ ಕೇಂದ್ರ ಸರ್ಕಾರವು ಮನೆಯ ಚಿಕಿತ್ಸೆಗೂ ಆಸ್ಪತ್ರೆಯ ದರವನ್ನೇ ಕೊಡಲು ಒಪ್ಪಿ, ದಿನಕ್ಕೆ ಕನಿಷ್ಠ ಎರಡು ಬಾರಿ ಸಿಬ್ಬಂದಿ ಖುದ್ದಾಗಿ ಮನೆಗೆ ಹೋಗಬೇಕೆಂದು ವಿಧಿಸಿತು. ಅದೇ ವರ್ಷ ಬೋಸ್ಟನ್ನಿನಲ್ಲಿ 91 ರೋಗಿಗಳ ಮೇಲೆ ನಡೆದ ಒಂದು ಅಧ್ಯಯನ ಪ್ರಕಟವಾಯಿತು. ಮನೆಯಲ್ಲಿದ್ದವರ ಚಿಕಿತ್ಸಾ ವೆಚ್ಚ ಶೇಕಡ 38ರಷ್ಟು ಕಡಿಮೆ; ಮೂವತ್ತು ದಿನಗಳೊಳಗೆ ಮತ್ತೆ ಆಸ್ಪತ್ರೆ ಸೇರಬೇಕಾದವರು ಮನೆಯ ಗುಂಪಿನಲ್ಲಿ ಶೇಕಡ 7, ಆಸ್ಪತ್ರೆಯ ಗುಂಪಿನಲ್ಲಿ ಶೇಕಡ 23. ಅಧ್ಯಯನ ಚಿಕ್ಕದು, ಆದರೂ ಫಲ ಗಮನಾರ್ಹ.

ವಿದೇಶದ ಈ ಉದಾಹರಣೆಗಳನ್ನು ಹೇಳುವವರು ಬಹುಮಟ್ಟಿಗೆ ಮರೆಯುವ ಸಂಗತಿಯೊಂದಿದೆ. ಮನೆಯ ಚಿಕಿತ್ಸೆಯು ಆಸ್ಪತ್ರೆಯ ಚಿಕಿತ್ಸೆಗೆ ಸಮನಾಗಬಲ್ಲುದೇ ಎಂಬುದನ್ನು ಚೀಟಿ ಎತ್ತಿದಂತೆ ರೋಗಿಗಳನ್ನು ಎರಡು ಪಾಲಾಗಿ ಹಂಚಿ ಪರೀಕ್ಷಿಸಿದ ಅತ್ಯಂತ ಪ್ರಸಿದ್ಧ ಪ್ರಯತ್ನ ನಡೆದುದು ಮದ್ರಾಸಿನಲ್ಲಿ. 1956ರಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಮದ್ರಾಸ್ ಸರ್ಕಾರ, ವಿಶ್ವ ಆರೋಗ್ಯ ಸಂಸ್ಥೆ, ಬ್ರಿಟನ್ನಿನ ಮೆಡಿಕಲ್ ರಿಸರ್ಚ್ ಕೌನ್ಸಿಲ್ ಇವು ಸೇರಿ ಅಲ್ಲಿ ಕ್ಷಯರೋಗ ಚಿಕಿತ್ಸಾ ಕೇಂದ್ರವೊಂದನ್ನು ಸ್ಥಾಪಿಸಿದವು. ಕ್ಷಯ ಬಂದವರಿಗೆ ಸ್ಯಾನಟೋರಿಯಂ ಬಿಟ್ಟರೆ ಗತಿಯಿಲ್ಲವೆಂದು ಜಗತ್ತೆಲ್ಲ ನಂಬಿದ್ದ ಕಾಲ ಅದು. ಮದನಪಳ್ಳಿಯ ಸ್ಯಾನಟೋರಿಯಂ, ಮೈಸೂರಿನ ಕೃಷ್ಣಾಜಮ್ಮಣ್ಣಿ ಸ್ಯಾನಟೋರಿಯಂಗಳ ಹೆಸರು ಕನ್ನಡ ನಾಡಿನ ಹಳೆಯ ಕುಟುಂಬಗಳಿಗೆ ಅಪರಿಚಿತವಲ್ಲ. ಶುದ್ಧ ಗಾಳಿ, ಪುಷ್ಟಿಕರ ಆಹಾರ, ಸಂಪೂರ್ಣ ವಿಶ್ರಾಂತಿ ಇವೇ ಚಿಕಿತ್ಸೆಯ ಜೀವಾಳವೆನಿಸಿದ್ದವು. ಮದ್ರಾಸಿನ ಕೇಂದ್ರದವರು ನಗರದ ಬಡ ಕೇರಿಗಳ 193 ರೋಗಿಗಳನ್ನು ತೆಗೆದುಕೊಂಡು ಸುಮಾರು ಅರ್ಧದಷ್ಟು ಜನರನ್ನು ಸ್ಯಾನಟೋರಿಯಮ್ಮಿನಲ್ಲಿಯೂ ಉಳಿದವರನ್ನು ಅವರವರ ಗುಡಿಸಲುಗಳಲ್ಲಿಯೂ ಇರಿಸಿ ಒಂದು ವರ್ಷ ಅವೇ ಔಷಧಿಗಳನ್ನು ಕೊಟ್ಟರು. 1959ರಲ್ಲಿ ವರದಿ ಹೊರಬಂದಾಗ ಸ್ಯಾನಟೋರಿಯಮ್ಮಿನಲ್ಲಿ ಶೇಕಡ 92, ಮನೆಯಲ್ಲಿ ಶೇಕಡ 86 ಜನರ ರೋಗ ಶಮನವಾಗಿತ್ತು. ಮನೆಯಲ್ಲಿದ್ದವರು ಉಂಡದ್ದು ಕಡಿಮೆ, ದುಡಿದದ್ದು ಹೆಚ್ಚು. ಆದರೂ ಫಲದಲ್ಲಿ ದೊಡ್ಡ ಅಂತರವಿರಲಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಅದೇ ಗುಡಿಸಲಿನಲ್ಲಿದ್ದ ಹೆಂಡತಿ ಮಕ್ಕಳಿಗೆ ಈ ಕಾರಣದಿಂದ ರೋಗ ಹೆಚ್ಚಾಗಿ ತಗಲಲಿಲ್ಲವೆಂಬುದು ಮುಂದಿನ ವರ್ಷಗಳ ಪರಿಶೀಲನೆಯಿಂದ ತಿಳಿದುಬಂತು. ಜಗತ್ತಿನ ಸ್ಯಾನಟೋರಿಯಂಗಳು ಒಂದೊಂದಾಗಿ ಬಾಗಿಲು ಹಾಕಿದುದರಲ್ಲಿ ಮದ್ರಾಸಿನ ಈ ವರದಿಯ ಪಾಲು ದೊಡ್ಡದು. ಅದೇ 1959ರಲ್ಲಿ ಬೆಂಗಳೂರಿನಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯು ರೂಪಿಸಿದ ದೇಶವ್ಯಾಪಿ ಕಾರ್ಯಕ್ರಮಕ್ಕೂ ಮನೆಯ ಚಿಕಿತ್ಸೆಯೇ ತಳಹದಿಯಾಯಿತು.

ಈ ಕಥೆಯಿಂದ ಅವಸರದ ತೀರ್ಮಾನ ಸಲ್ಲದು. ಮದ್ರಾಸಿನ ಕೇಂದ್ರವು ಮಾತ್ರೆಯ ಪೊಟ್ಟಣ ಕೊಟ್ಟು ಕೈತೊಳೆದುಕೊಳ್ಳಲಿಲ್ಲ. ಅದರ ಸಿಬ್ಬಂದಿ ಮುನ್ಸೂಚನೆಯಿಲ್ಲದೆ ಮನೆಗೆ ಹೋಗಿ ಮಾತ್ರೆ ಎಣಿಸುತ್ತಿದ್ದರು, ಮೂತ್ರ ಪರೀಕ್ಷಿಸಿ ಔಷಧಿ ಹೊಟ್ಟೆಗೆ ಹೋಗಿದೆಯೇ ಎಂದು ನೋಡುತ್ತಿದ್ದರು. ಮನೆ ಗೆದ್ದುದಕ್ಕೆ ಕಾರಣ ಮನೆಯ ಮಹಿಮೆಯೊಂದೇ ಆಗಿರಲಿಲ್ಲ. ಕೇಂದ್ರವು ಬಿಡದೆ ಮನೆಯ ಹೊಸ್ತಿಲು ತುಳಿದದ್ದೂ ಕಾರಣ.

ಮಹಾರಾಷ್ಟ್ರದ ಗಡಚಿರೋಲಿಯ ಅನುಭವವೂ ಇದನ್ನೇ ಹೇಳುತ್ತದೆ. ಡಾ. ಅಭಯ್ ಬಂಗ್ ಮತ್ತು ಡಾ. ರಾಣಿ ಬಂಗ್ ದಂಪತಿಗಳು 1995ರಿಂದ 1998ರವರೆಗೆ ಅಲ್ಲಿಯ 39 ಹಳ್ಳಿಗಳಲ್ಲಿ, ಆಸ್ಪತ್ರೆಯನ್ನು ತಲುಪಲಾಗದೆ ಸಾಯುತ್ತಿದ್ದ ನವಜಾತ ಶಿಶುಗಳಿಗೆ ಮನೆಯಲ್ಲಿಯೇ ಚಿಕಿತ್ಸೆ ಏರ್ಪಡಿಸಿದರು. ಹೆಚ್ಚು ಓದಿಲ್ಲದ ಹಳ್ಳಿಯ ಹೆಂಗಸರು ತರಬೇತಿ ಪಡೆದು, ರಕ್ತದ ಸೋಂಕು ತಗಲಿದ ಕೂಸನ್ನು ಗುರುತಿಸಿ ಜೆಂಟಮೈಸಿನ್ ಚುಚ್ಚುಮದ್ದು ಕೊಟ್ಟರು. ಚಿಕಿತ್ಸೆ ಇಲ್ಲದ ಹಳ್ಳಿಗಳೊಂದಿಗೆ ಹೋಲಿಸಿದಾಗ ಮೂರನೆಯ ವರ್ಷದ ಹೊತ್ತಿಗೆ ನವಜಾತ ಶಿಶುಗಳ ಮರಣ ಶೇಕಡ 62ರಷ್ಟು ಇಳಿದಿತ್ತು. 1999ರಲ್ಲಿ ಲ್ಯಾನ್ಸೆಟ್ ಪತ್ರಿಕೆ ಪ್ರಕಟಿಸಿದ ಈ ಫಲಿತಾಂಶವು ಮುಂದೆ 2011ರಲ್ಲಿ ಆಶಾ ಕಾರ್ಯಕರ್ತೆಯರ ಮನೆಭೇಟಿಯ ಕಾರ್ಯಕ್ರಮಕ್ಕೆ ದಾರಿಮಾಡಿತು. ಇಲ್ಲಿಯೂ ಬಾಣಂತಿಯ ತಲೆಯ ಮೇಲೆ ಎಲ್ಲವನ್ನೂ ಹೊರಿಸಲಿಲ್ಲ. ಹೊರಗಿನಿಂದ ಒಬ್ಬಾಕೆ ಬಂದಳು. ಕಲಿತ ಕೈಯೊಂದಿಗೆ ಬಂದಳು.

ಶ್ರಾವಕ ಕುಟುಂಬಗಳಿಗೆ ಮನೆಯ ಚಿಕಿತ್ಸೆ ಇಷ್ಟವಾಗಲು ಬೇರೆ ಕಾರಣಗಳೂ ಇವೆ. ಎಪ್ಪತ್ತು ಎಂಬತ್ತು ದಾಟಿದ ಶ್ರಾವಿಕೆಯೊಬ್ಬರಿಗೆ ಸೂರ್ಯಾಸ್ತಕ್ಕೆ ಮುನ್ನ ಊಟ, ಕಾಯಿಸಿದ ನೀರು, ಕಂದಮೂಲ ವರ್ಜನೆ, ಬೆಳಗಿನ ಪಂಚನಮಸ್ಕಾರ ಇವು ಅಭ್ಯಾಸಗಳಲ್ಲ, ಅವರ ವ್ಯಕ್ತಿತ್ವವೇ ಆಗಿರುತ್ತವೆ. ವಾರ್ಡಿನ ಗಡಿಯಾರ ಅವುಗಳಿಗೆ ಹೊಂದುವುದಿಲ್ಲ. ಮುದಿವಯಸ್ಸಿನವರು ಆಸ್ಪತ್ರೆಯಲ್ಲಿ ಹಗಲು ರಾತ್ರಿಗಳ ಭೇದ ಮರೆತು, ಎಲ್ಲಿದ್ದೇವೆಂದು ತಿಳಿಯದೆ ತಳಮಳಿಸುವುದು ವೈದ್ಯರು ಚೆನ್ನಾಗಿ ಬಲ್ಲ ಸಂಗತಿ. ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವೈದ್ಯರು 2005ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಮನೆಯಲ್ಲಿಯೇ ಚಿಕಿತ್ಸೆ ಪಡೆದ ವೃದ್ಧರಿಗೆ ಈ ಭ್ರಮೆ ಕಡಿಮೆಯಾಗಿ ಕಂಡಿತು. ಪರಿಚಿತ ಗೋಡೆ, ಪರಿಚಿತ ಧ್ವನಿ, ಕೈಗೆಟಕುವ ಜಪಮಾಲೆ ಇವು ಔಷಧಿಯಲ್ಲದಿದ್ದರೂ ನಿರರ್ಥಕವಲ್ಲ. ಔಷಧಿಯ ಹೊತ್ತು ವ್ರತದ ಹೊತ್ತಿನೊಡನೆ ತಾಗಿದಾಗ ಏನು ಮಾಡಬೇಕೆಂಬುದನ್ನು ರೋಗಿಯೂ ವೈದ್ಯರೂ ಮೊದಲೇ ಮಾತಾಡಿಕೊಳ್ಳುವ ಅವಕಾಶವಾದರೂ ಮನೆಯಲ್ಲಿದೆ. ಮಕ್ಕಳು ತಾಯಿಯ ಪರವಾಗಿ ತಾವೇ ಉತ್ತರ ಹೇಳಿಬಿಡುವುದು ಬೇರೆ ಮಾತು, ವ್ರತ ಅವರದಲ್ಲ.

ಇಷ್ಟೆಲ್ಲ ಒಳಿತಿದ್ದೂ ಪ್ರಶ್ನೆ ಬಗೆಹರಿಯಲಿಲ್ಲ. ಆಸ್ಪತ್ರೆಯಲ್ಲಿ ಮೂರು ಪಾಳಿಗಳಿವೆ. ಬೆಳಗಿನ ನರ್ಸ್ ಮಧ್ಯಾಹ್ನ ಮನೆಗೆ ಹೋಗುತ್ತಾರೆ, ಅವರ ಜಾಗಕ್ಕೆ ಇನ್ನೊಬ್ಬರು ಬರುತ್ತಾರೆ, ರಾತ್ರಿಗೆ ಮತ್ತೊಬ್ಬರು. ಮಲಮೂತ್ರದ ಪಾತ್ರೆ ಎತ್ತುವವರು ಬೇರೆ, ಅಡುಗೆಯವರು ಬೇರೆ, ಬಟ್ಟೆ ಒಗೆಯುವವರು ಬೇರೆ. ಅದೇ ಆಸ್ಪತ್ರೆ ಮನೆಗೆ ಬಂದಾಗ ಯಂತ್ರ ಬರುತ್ತದೆ, ಔಷಧಿ ಬರುತ್ತದೆ, ಕರೆದರೆ ವೈದ್ಯರೂ ಬಂದಾರು. ಆ ಮೂರು ಪಾಳಿಗಳು ಬರುವುದಿಲ್ಲ. ದಿನದಲ್ಲಿ ಎರಡು ಗಂಟೆ ನರ್ಸ್ ಇದ್ದರೆ ಉಳಿದ ಇಪ್ಪತ್ತೆರಡು ಗಂಟೆ ಯಾರದು? ಬಹುತೇಕ ಮನೆಗಳಲ್ಲಿ ಉತ್ತರ ಒಂದೇ: ಸೊಸೆಯದು, ಇಲ್ಲವೇ ಹೆಂಡತಿಯದು, ಅಥವಾ ಮದುವೆಯಾಗದೆ ಉಳಿದ ಮಗಳದು. ಭಾರತ ಸರ್ಕಾರವು 2019ರಲ್ಲಿ ನಡೆಸಿದ ಸಮಯ ಬಳಕೆಯ ಸಮೀಕ್ಷೆಯಂತೆ, ಮನೆಯವರ ಆರೈಕೆಯಲ್ಲಿ ತೊಡಗಿದ ಹೆಂಗಸರು ಅದಕ್ಕಾಗಿ ದಿನಕ್ಕೆ ಸರಾಸರಿ 134 ನಿಮಿಷ ಕೊಡುತ್ತಿದ್ದರು, ತೊಡಗಿದ ಗಂಡಸರು 76 ನಿಮಿಷ. ತೊಡಗಿದವರ ಪ್ರಮಾಣವೇ ಹೆಂಗಸರಲ್ಲಿ ಗಂಡಸರ ಸುಮಾರು ಎರಡರಷ್ಟು. ಇದರಲ್ಲಿ ಮಕ್ಕಳ ಆರೈಕೆಯೂ ಸೇರಿದೆಯೆಂಬುದನ್ನು ಹೇಳಬೇಕು. ಆದರೆ ಸಾಮಾನ್ಯ ದಿನಗಳಲ್ಲಿಯೇ ಇಷ್ಟು ಅಂತರವಿರುವಾಗ, ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕಾದ ರೋಗಿ ಮನೆಯಲ್ಲಿದ್ದರೆ ಏನಾದೀತೆಂದು ಊಹಿಸುವುದು ಕಷ್ಟವಲ್ಲ. ಆಸ್ಪತ್ರೆಯ ಬಿಲ್ಲಿನಲ್ಲಿ ಉಳಿದ ಹಣದ ಒಂದು ಭಾಗವನ್ನು ಒಬ್ಬಾಕೆಯ ನಿದ್ದೆ ತೆತ್ತಿರುತ್ತದೆ. ಆ ಲೆಕ್ಕ ಯಾವ ಅಧ್ಯಯನದ ಕೋಷ್ಟಕದಲ್ಲಿಯೂ ಸುಲಭವಾಗಿ ಕಾಣಸಿಗುವುದಿಲ್ಲ.

ಈ ವಿಷಯದಲ್ಲಿ ಪ್ರಾಚೀನರು ಈಗಿನವರಿಗಿಂತ ಹೆಚ್ಚು ಎಚ್ಚರವಾಗಿದ್ದರೆನ್ನಬೇಕು. ಶಿವಾರ್ಯರ ಭಗವತೀ ಆರಾಧನೆಯು ಸಲ್ಲೇಖನ ಸ್ವೀಕರಿಸಿದ ಕ್ಷಪಕನ ಶುಶ್ರೂಷೆಗೆ ನಲವತ್ತೆಂಟು ಮಂದಿ ನಿರ್ಯಾಪಕರನ್ನು ಹೇಳಿ, ಅವರಿಗೆ ಕೆಲಸಗಳನ್ನು ನಾಲ್ವರಂತೆ ಹಂಚುತ್ತದೆ. ಎಬ್ಬಿಸಿ ಕುಳ್ಳಿರಿಸಿ ಮಗ್ಗುಲು ತಿರುಗಿಸುವವರು, ಧರ್ಮಕಥೆ ಹೇಳುವವರು, ಆಹಾರದ ವ್ಯವಸ್ಥೆ ನೋಡುವವರು, ಪಾನದ ವ್ಯವಸ್ಥೆ ನೋಡುವವರು, ಮಲಮೂತ್ರ ವಿಸರ್ಜನೆಗೆ ನೆರವಾಗುವವರು, ಬಾಗಿಲು ಕಾಯುವವರು, ರಾತ್ರಿ ಎಚ್ಚರವಿರುವವರು ಹೀಗೆ. ಕಾಲ ಕೆಟ್ಟಂತೆ ಈ ಸಂಖ್ಯೆ ಇಳಿಯಬಹುದೆಂದು ಗ್ರಂಥವೇ ಒಪ್ಪುತ್ತದೆ. ಅತಿ ಕಠಿನ ಕಾಲದಲ್ಲಿ ಇಬ್ಬರಿದ್ದರೂ ಸಾಕು. ಒಬ್ಬನು ಮಾತ್ರ ಸಲ್ಲದು. ಏಕೆಂದರೆ ಒಬ್ಬನೇ ಇದ್ದಾಗ ಅವನು ತನ್ನ ಆಹಾರ ವಿಶ್ರಾಂತಿಗಳಿಗೆ ಹೋದರೆ ಕ್ಷಪಕನನ್ನು ತೊರೆದಂತಾಗುತ್ತದೆ. ಹೋಗದಿದ್ದರೆ ತನ್ನನ್ನೇ ತೊರೆದಂತಾಗುತ್ತದೆ. ಇದರಿಂದ ಧರ್ಮಕ್ಕೂ ಹಾನಿಯೆಂಬುದು ಗ್ರಂಥಕಾರರ ಅಭಿಪ್ರಾಯ.

ಆ ವಿಧಿ ಮರಣವನ್ನು ವ್ರತವಾಗಿ ಎದುರುಗೊಂಡ ಮುನಿಗೆ ಸಂಬಂಧಿಸಿದ್ದು. ಗುಣವಾಗಿ ಎದ್ದು ಓಡಾಡಲೆಂದು ಚಿಕಿತ್ಸೆ ಪಡೆಯುವ ಗೃಹಸ್ಥನ ಸ್ಥಿತಿ ಬೇರೆ. ಎರಡನ್ನೂ ಬೆರೆಸಿ ಗೊಂದಲ ಮಾಡಬಾರದು. ಆದರೆ ದೇಹದ ಬಳಲಿಕೆಯ ನಿಯಮ ಎರಡೂ ಕಡೆ ಒಂದೇ. ಇಂದ್ರಿಯಗಳನ್ನು ಗೆದ್ದ ಮುನಿಯೇ ಒಬ್ಬನಾಗಿ ಈ ಕೆಲಸ ಮಾಡಲಾರನೆಂದು ಆಚಾರ್ಯರು ತೀರ್ಮಾನಿಸಿದ್ದಾಗ, ಅಡುಗೆಮನೆ, ಮಕ್ಕಳ ಶಾಲೆ, ಬಂದುಹೋಗುವ ನೆಂಟರು ಇವೆಲ್ಲದರ ನಡುವೆ ಒಬ್ಬ ಸೊಸೆ ಅದನ್ನು ಮಾಡಬಲ್ಲಳೆಂದು ಭಾವಿಸುವುದು ಎಂಥ ನ್ಯಾಯ? ಬಂದ ನೆಂಟರು ಚಹಾ ಕುಡಿದು, ‘ನಿಮ್ಮ ಸೊಸೆ ದೇವತೆಯಂಥವಳು’ ಎಂದು ಹೇಳಿ ಹೊರಡುತ್ತಾರೆ. ಲೋಟ ತೊಳೆಯುವ ಕೆಲಸವೂ ಆ ದೇವತೆಗೇ ಉಳಿಯುತ್ತದೆ.

ಇದಕ್ಕೆ ಒಂದು ಆಕ್ಷೇಪ ಬರುವುದು ಸಹಜ. ಹೆತ್ತವರ ಸೇವೆ ಕರ್ತವ್ಯ; ಕರ್ತವ್ಯಕ್ಕೆ ಪಾಳಿ ಕೇಳುವುದು ಪಶ್ಚಿಮದ ಲೆಕ್ಕಾಚಾರ; ಕಷ್ಟವಾದಷ್ಟೂ ನಿರ್ಜರೆ ಹೆಚ್ಚು ಎಂದು ಹಿರಿಯರು ಹೇಳಿಯಾರು. ಈ ಮಾತನ್ನು ತಳ್ಳಿಹಾಕುವಂತಿಲ್ಲ. ಆರೈಕೆಯ ಕಷ್ಟವನ್ನು ಸಮಚಿತ್ತದಿಂದ ಸಹಿಸಿದವರ ಪರಿಣಾಮಗಳು ನಿರ್ಮಲವಾಗುವುದನ್ನು ಅನೇಕ ಮನೆಗಳು ಕಂಡಿವೆ. ಆದರೆ ಆಕ್ಷೇಪವು ಒಂದು ಅಂಶವನ್ನು ಮರೆಯುತ್ತದೆ. ವೈಯಾವೃತ್ಯವನ್ನು ತಪಸ್ಸುಗಳಲ್ಲಿ ಎಣಿಸಿದೆ. ತಪಸ್ಸೆಂಬುದು ತಾನಾಗಿ ಕೈಗೊಳ್ಳುವಂಥದ್ದು. ಒಬ್ಬರ ಉಪವಾಸವನ್ನು ಮತ್ತೊಬ್ಬರ ಮೇಲೆ ಹೇರಿದರೆ ಅದು ಉಪವಾಸವಾಗದು, ಹಸಿವಾಗುತ್ತದೆ. ಹಾಗೆಯೇ ಮಗನು ಊರಿಗೆ ಹೇಳಿಕೊಳ್ಳುವ ಸೇವೆಯನ್ನು ಅವನ ಹೆಂಡತಿಯಿಂದ ಮಾಡಿಸಿದರೆ ಮಗನಿಗೆ ತಪಸ್ಸಿನ ಫಲವೆಲ್ಲಿ? ಆಕೆ ಮನಃಪೂರ್ವಕ ಒಪ್ಪಿದ್ದರೆ ಫಲ ಆಕೆಯದು. ಒಪ್ಪದೆ, ಬಾಯಿಬಿಡಲಾರದೆ ಮಾಡಿದ್ದರೆ ಮನೆಯೊಳಗೆ ಮೆಲ್ಲಗೆ ಹಿಂಸೆ ನಡೆಯುತ್ತಿದೆಯೆಂದೇ ಅರ್ಥ. ಅಹಿಂಸೆಯನ್ನು ನೀರು ಸೋಸುವ ಬಟ್ಟೆಯಷ್ಟಕ್ಕೇ ನಿಲ್ಲಿಸಿದವರಿಗೆ ಇದು ಕಾಣುವುದು ಕಷ್ಟ.

ಸಮಂತಭದ್ರ ಆಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಶ್ರಾವಕರ ನಾಲ್ಕನೆಯ ಶಿಕ್ಷಾವ್ರತಕ್ಕೆ ವೈಯಾವೃತ್ಯವೆಂದೇ ಹೆಸರಿಟ್ಟು, ಆಹಾರ, ಔಷಧ, ಉಪಕರಣ, ಆವಾಸ ಎಂಬ ನಾಲ್ಕು ದಾನಗಳನ್ನು ಅದರಲ್ಲಿ ಸೇರಿಸಿದ್ದಾರೆ. ಸಂಯಮಿಗಳ ಕಾಲೊತ್ತುವುದೂ ಅದೇ ವ್ರತದ ಅಂಗವೆಂದು ಹೇಳುತ್ತಾರೆ. ವಸ್ತುವನ್ನು ಕೊಡುವುದೂ ಕೈಯಿಂದ ದುಡಿಯುವುದೂ ಒಂದೇ ವ್ರತದ ಎರಡು ಮಗ್ಗುಲುಗಳು. ಇಂದಿನ ಟ್ರಸ್ಟುಗಳಲ್ಲಿ ಮೊದಲನೆಯದು ಬೆಳೆದಿದೆ, ಎರಡನೆಯದು ಸೊರಗಿದೆ. ಮಡಚುವ ಮಂಚ, ಗಾಲಿಕುರ್ಚಿ, ಗಾಳಿಹಾಸಿಗೆ, 2021ರ ಕೋವಿಡ್ ಅಲೆಯ ನಂತರ ಆಮ್ಲಜನಕದ ಯಂತ್ರ ಇವನ್ನು ಠೇವಣಿ ಪಡೆದೋ ಪಡೆಯದೆಯೋ ಎರವಲು ಕೊಡುವ ಸಮಾಜ ಸಂಸ್ಥೆಗಳು ಹಲವಿವೆ. ದಾನಿಯ ಹೆಸರು ಮಂಚದ ತಲೆಯ ಕಡೆ ಬರೆದಿರುತ್ತದೆ. ಅದರಲ್ಲಿ ತಪ್ಪೇನಿಲ್ಲ. ಆದರೆ ಯಂತ್ರವೊಂದು ಮನೆಗೆ ಬಂದಾಗ ಮನೆಯವರ ಕೆಲಸ ಇಳಿಯುವುದಿಲ್ಲ, ಏರುತ್ತದೆ. ಅದನ್ನು ನೋಡಿಕೊಳ್ಳಲು ಒಬ್ಬರು ಎಚ್ಚರವಿರಬೇಕು.

ಕೈಗಳನ್ನು ಕೊಡುವುದು ಅಸಾಧ್ಯವೇನಲ್ಲವೆಂಬುದಕ್ಕೆ ಕೇರಳ ಸಾಕ್ಷಿ. ಕೋಳಿಕ್ಕೋಡಿನಲ್ಲಿ 1993ರಲ್ಲಿ ಡಾ. ರಾಜಗೋಪಾಲ್, ಡಾ. ಸುರೇಶ್ ಕುಮಾರ್ ಮೊದಲಾದವರು ಆರಂಭಿಸಿದ ಉಪಶಮನ ಆರೈಕೆಯ ಕೆಲಸ, 2001ರ ಹೊತ್ತಿಗೆ ನೆರೆಹೊರೆಯವರ ಜಾಲವಾಗಿ ಬೆಳೆಯಿತು. ವಾರಕ್ಕೆ ಕನಿಷ್ಠ ಎರಡು ಗಂಟೆ ಕೊಡಬಲ್ಲ ಸಾಮಾನ್ಯ ಜನರನ್ನು ಆರಿಸಿ, ತರಬೇತಿಯಿತ್ತು, ನರ್ಸಿನೊಡನೆ ಮನೆಗಳಿಗೆ ಕಳುಹಿಸಿದರು. 2008ರಲ್ಲಿ ಕೇರಳ ಸರ್ಕಾರ ಅದನ್ನು ತನ್ನ ನೀತಿಯಾಗಿ ಸ್ವೀಕರಿಸಿತು. ಆ ಜಾಲ ಗುಣವಾಗದ ರೋಗಿಗಳ ನೋವು ನೀಗಲು ಹುಟ್ಟಿದ್ದು. ನ್ಯುಮೋನಿಯಾಕ್ಕೆ ರಕ್ತನಾಳದ ಔಷಧಿ ಕೊಡುವ ವ್ಯವಸ್ಥೆ ಅದಲ್ಲ. ಆದರೆ ರಾತ್ರಿ ಎಚ್ಚರವಿರಲು, ಮಗ್ಗುಲು ತಿರುಗಿಸಲು, ಬೇಸತ್ತವಳಿಗೆ ಒಂದು ಮಧ್ಯಾಹ್ನದ ನಿದ್ದೆ ದೊರಕಿಸಲು ಬೇಕಾದ ಕೈಗಳು ಎರಡಕ್ಕೂ ಒಂದೇ. ಇಪ್ಪತ್ತನಾಲ್ಕು ಮಂದಿ ವಾರಕ್ಕೆ ಎರಡೆರಡು ಗಂಟೆ ಕೊಟ್ಟರೆ ನಲವತ್ತೆಂಟು ಗಂಟೆಗಳಾಗುತ್ತವೆ. ಐವತ್ತು ಮನೆಗಳುಳ್ಳ ಬಸದಿಯೊಂದರ ಸಮಾಜಕ್ಕೆ ಇದು ಪಂಚಕಲ್ಯಾಣ ಪೂಜೆಯ ಊಟದ ಏರ್ಪಾಡಿಗಿಂತ ದೊಡ್ಡ ಕೆಲಸವೇನಲ್ಲ. ಗಂಡಸರ ಸರದಿಯೂ ಅದರಲ್ಲಿ ಇರಬೇಕೆಂದು ಬೇರೆಯಾಗಿ ಹೇಳಬೇಕಾಗಿ ಬಂದಿರುವುದು ಶೋಚನೀಯ.

ಮನೆಯಲ್ಲಿ ಚಿಕಿತ್ಸೆ ಬೇಡವೆನ್ನಬೇಕಾದ ಸಂದರ್ಭಗಳೂ ಇವೆ. ಉಸಿರಾಟಕ್ಕೆ ಯಂತ್ರ ಬೇಕಾಗುವ ಸಂಭವವಿದ್ದರೆ, ಕರೆದಾಗ ಅರ್ಧ ಗಂಟೆಯಲ್ಲಿ ಆಂಬುಲೆನ್ಸ್ ಬರಲಾರದ ಊರಾದರೆ, ವಿದ್ಯುತ್ತು ನೆಚ್ಚಲಾಗದಿದ್ದರೆ, ಮನೆಯಲ್ಲಿ ನೋಡಿಕೊಳ್ಳುವ ಜೀವ ಒಂದೇ ಇದ್ದು ಅದಕ್ಕೂ ಅರವತ್ತು ದಾಟಿದ್ದರೆ ಆಸ್ಪತ್ರೆಯೇ ಸರಿ. ಬೆಂಗಳೂರು ಮುಂಬಯಿಗಳಂಥ ನಗರಗಳಲ್ಲಿ ‘ಮನೆಯಲ್ಲಿ ಐಸಿಯು’ ಎಂದು ಜಾಹೀರಾತು ಕೊಡುವ ಕಂಪನಿಗಳನ್ನು, ರಾತ್ರಿ ಬರುವ ವ್ಯಕ್ತಿ ತರಬೇತಾದ ನರ್ಸೋ ಬರಿಯ ಸಹಾಯಕರೋ ಎಂದು ಕೇಳದೆ ಒಪ್ಪಿಕೊಳ್ಳಬಾರದು. ಹಣದ ವಿಚಾರದಲ್ಲಿಯೂ ಎಚ್ಚರ ಬೇಕು. ಮನೆಯ ಚಿಕಿತ್ಸೆಗೆ ವೆಚ್ಚ ಕೊಡುವ ವಿಮಾ ಪಾಲಿಸಿಗಳಲ್ಲಿ ಅನೇಕವು, ರೋಗಿಯನ್ನು ಸಾಗಿಸಲು ಸಾಧ್ಯವಿಲ್ಲದ ಸ್ಥಿತಿಯಿರಬೇಕು ಇಲ್ಲವೇ ಆಸ್ಪತ್ರೆಯಲ್ಲಿ ಕೋಣೆ ಸಿಗದಿರಬೇಕು ಎಂಬ ಷರತ್ತು ಹಾಕುತ್ತವೆ. ಮನೆಯಲ್ಲಿರಲು ರೋಗಿಗೆ ಇಷ್ಟವೆಂಬುದು ಅವುಗಳಿಗೆ ಸಾಲದು.

ಬಳಸಿದ ಸೂಜಿಗಳ ವಿಷಯ ಸಣ್ಣದೆಂದು ಯಾರೂ ಮಾತಾಡುವುದಿಲ್ಲ. ಆಸ್ಪತ್ರೆಯಲ್ಲಿ ಅದಕ್ಕೆ ಪ್ರತ್ಯೇಕ ಗಟ್ಟಿ ಡಬ್ಬಿಯಿದೆ, ಒಯ್ಯುವ ವಾಹನವಿದೆ. ಮನೆಯಲ್ಲಿ ಅದು ತರಕಾರಿ ಸಿಪ್ಪೆಯೊಡನೆ ಚೀಲ ಸೇರಿ ಬೆಳಿಗ್ಗೆ ಪೌರಕಾರ್ಮಿಕರ ಬರಿಗೈಗೆ ಚುಚ್ಚುತ್ತದೆ. ನೆಲದ ಮೇಲೆ ನೋಡಿ ಹೆಜ್ಜೆಯಿಡುವ ಈರ್ಯಾಸಮಿತಿಯನ್ನು ಗೌರವಿಸುವ ಮನೆಗಳಾದರೂ, ಮುಚ್ಚಳವುಳ್ಳ ಗಟ್ಟಿ ಡಬ್ಬಿಯಲ್ಲಿ ಸೂಜಿಗಳನ್ನು ಕೂಡಿಟ್ಟು ಅವನ್ನು ಕೊಟ್ಟ ಆಸ್ಪತ್ರೆಗೇ ಮರಳಿಸಬೇಕು.

ರೋಗಿಯ ಇಚ್ಛೆಯನ್ನು ಕೇಳುವುದು ಈಗ ವೈದ್ಯಕೀಯದಲ್ಲಿ ಒಪ್ಪಿತವಾದ ಕ್ರಮ. ಮನೆಯ ಚಿಕಿತ್ಸೆಯಲ್ಲಿ ಇನ್ನೊಬ್ಬರ ಇಚ್ಛೆಯನ್ನೂ ಕೇಳಬೇಕು, ಅದೂ ಎಲ್ಲರೆದುರಿಗಲ್ಲದೆ ಬೇರೆಯಾಗಿ, ಇಲ್ಲವೆನ್ನಲು ಆಸ್ಪದವಿರುವಂತೆ. ಆಗುವುದಿಲ್ಲವೆಂದು ಆಕೆ ಹೇಳಿದರೆ ಅದನ್ನು ಭಕ್ತಿಯ ಕೊರತೆಯೆಂದು ತಿಳಿಯದೆ ರೋಗಿಯನ್ನು ಆಸ್ಪತ್ರೆಗೆ ಸೇರಿಸುವುದು ಕುಟುಂಬಕ್ಕೆ ಬಿಟ್ಟ ಕೆಲಸ. ಟ್ರಸ್ಟುಗಳ ಮಟ್ಟಿಗೆ ಹೇಳುವುದಾದರೆ, ಮಂಚ ಎರವಲು ಕೊಡುವಾಗ ತುಂಬಿಸಿಕೊಳ್ಳುವ ಅರ್ಜಿಯಲ್ಲಿ ರೋಗಿಯ ಹೆಸರು, ವಿಳಾಸ, ಠೇವಣಿಯ ಮೊತ್ತಗಳ ಕೆಳಗೆ ಇನ್ನೊಂದು ಸಾಲಿಗೆ ಜಾಗವಿದೆ: ರಾತ್ರಿ ಎಚ್ಚರವಿರುವವರು ಯಾರು, ಅವರಿಗೆ ಬದಲಿ ಯಾರು? ಎರಡನೆಯ ಹೆಸರು ಬರೆಯಲಾಗದೆ ಅರ್ಜಿದಾರರು ತಡವರಿಸಿದಾಗ ಅದನ್ನು ತುಂಬಬೇಕಾದವರು ಮೇಜಿನ ಈಚೆ ಕುಳಿತವರು.